ಗಡುವು ಮುಗಿದ ಮೇಲೆ

ಸೈಕಲ್ ತುಳಿದುಕೊಂಡು ದೂರ ದೂರ ಹೋಗುವ ನಮ್ಮ ಜನ ಒಂದು ಸುಳ್ಳನ್ನು ಬಹಳ ಭಕ್ತಿಯಿಂದ ಹೇಳುತ್ತಾರೆ: 'ಇದು ರೇಸ್ ಅಲ್ಲ.' ನಿಯಮವೂ ಹಾಗೇ ಇದೆ. ಬ್ರೆವೆ ಎಂಬ ಈ ದೂರದ ಸವಾರಿಯಲ್ಲಿ ಮೊದಲನೆಯವನಿಲ್ಲ, ಕೊನೆಯವನಿಲ್ಲ, ಇರುವುದು ಗಡುವು ಮಾತ್ರ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ ಮುಗಿಸಿದವನು 'ಸೂಪರ್ ರಾಂಡೊನ್ಯೂರ್', ನಮ್ಮ ಬಾಯಲ್ಲಿ 'ಎಸ್‌ಆರ್'. ಪದಕವೂ ಉಂಟು, ಆದರೆ ಅದನ್ನು ನಾವೇ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು. ತುಳಿದವರೂ ನಾವೇ, ಪದಕ ಕೊಂಡವರೂ ನಾವೇ. ಇಷ್ಟೊಂದು ಸ್ವಾವಲಂಬನೆಯನ್ನು ಗಾಂಧೀಜಿಯವರೂ ನಿರೀಕ್ಷಿಸಿರಲಿಕ್ಕಿಲ್ಲ.

ರೇಸ್ ಅಲ್ಲ, ಸರಿ. ಹಾಗಾದರೆ ಮದ್ದೂರು ದಾಟಿದ ಮೇಲೆ ಕತ್ತಲಲ್ಲಿ ದೂರಕ್ಕೆ ಒಂದು ಕೆಂಪು ಲೈಟು ಮಿನುಗಿದರೆ, ಅಲ್ಲಿಯವರೆಗೆ ಸತ್ತಂತಿದ್ದ ನನ್ನ ಕಾಲಿಗೆ ಜೀವ ಬರುತ್ತಿದ್ದುದೇಕೆ? (ಆ ಮೈಸೂರು ರಸ್ತೆಯೂ ಈಗ ಹಳೆಯ ರಸ್ತೆಯಲ್ಲ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೂ ಪ್ರವೇಶವಿಲ್ಲ, ನಮ್ಮ ಸೈಕಲ್ಲಿನ ಪಾಡು ಕೇಳಲೇಬೇಡಿ. ಸರ್ವಿಸ್ ರಸ್ತೆಯ ಹಂಪುಗಳೇ ಗತಿ.)

ಈ ವ್ಯವಹಾರದ ಜೀವಾಳ ಬ್ರೆವೆ ಕಾರ್ಡು. ಮಡಚಿದ ದಪ್ಪ ಕಾಗದ. ಅದರಲ್ಲಿ ದಾರಿಯ ಪ್ರತಿ ಕಂಟ್ರೋಲಿನ, ಅಂದರೆ ತಪಾಸಣೆ ತಾಣದ, ಹೆಸರು, ತೆರೆಯುವ ವೇಳೆ, ಮುಚ್ಚುವ ವೇಳೆ, ಸೀಲು ಒತ್ತಲು ಒಂದು ಚೌಕ. ಸೀಲು ಒತ್ತುವವರಿಲ್ಲದ ಕಡೆ ಎಟಿಎಂ ಚೀಟಿಯೇ ಸಾಕ್ಷಿ. ಹಾಗಾಗಿ ಬೆಳಗಿನ ಜಾವ ಮೂರು ಗಂಟೆಗೆ ಯಾವುದೋ ಊರಿನ ಎಟಿಎಂ ಹೊಕ್ಕು ಬೇಡದ ನೂರು ರೂಪಾಯಿ ತೆಗೆದು, ಚೀಟಿಯನ್ನು ಎದೆಗವಚಿಕೊಂಡು, ಹೆಲ್ಮೆಟ್ಟನ್ನೇ ದಿಂಬು ಮಾಡಿ ಅಲ್ಲೇ ಏಸಿ ಗಾಳಿಗೆ ಹತ್ತು ನಿಮಿಷ ಮಲಗುತ್ತಿದ್ದೆ. ಒಮ್ಮೆ ವಾಚ್‌ಮನ್ ಎಬ್ಬಿಸಿ ಕನಿಕರದಿಂದ ಕೇಳಿದ: "ಮನೇಲಿ ಜಗಳ ಆಡ್ಕೊಂಡು ಬಂದ್ರಾ ಸಾರ್?"

"ಇಲ್ಲಪ್ಪ, ವಾಪಸ್ ಹೋದ್ಮೇಲೆ ಆಗುತ್ತೆ" ಎಂದೆ.

ಇಷ್ಟೆಲ್ಲ ಪಾಡುಪಟ್ಟದ್ದು ಪಿಬಿಪಿ ಎಂಬ ಮೂರಕ್ಷರಕ್ಕಾಗಿ. ಪ್ಯಾರಿಸ್‌ನಿಂದ ಸಮುದ್ರದಂಚಿನ ಬ್ರೆಸ್ಟ್‌ಗೆ ಹೋಗಿ ಪ್ಯಾರಿಸ್‌ಗೇ ಮರಳುವ ಸುಮಾರು 1200 ಕಿಲೋಮೀಟರಿನ ಹಾದಿ, ಗಡುವು 90 ಗಂಟೆ. 1891ರಲ್ಲಿ ಶುರುವಾದಾಗ ಅದು ಅಪ್ಪಟ ರೇಸೇ. ಗೆದ್ದ ಶಾರ್ಲ್ ತೆರೋಂ 71 ಗಂಟೆ 22 ನಿಮಿಷಗಳಲ್ಲಿ ನಿದ್ದೆಯೇ ಮಾಡದೆ ಹಿಂದಿರುಗಿದ್ದ. 1910ರಲ್ಲಿ ಅಲ್ಲಿಯ ಬೇಕರಿಯವನೊಬ್ಬ ಈ ರೇಸಿನ ಹೆಸರಲ್ಲಿ ಚಕ್ರದ ಆಕಾರದ ಸಿಹಿತಿಂಡಿಯನ್ನೇ ಮಾಡಿದ. ಈಗ ನಾಲ್ಕು ವರ್ಷಕ್ಕೊಮ್ಮೆ ಜಗತ್ತಿನ ಮೂಲೆಮೂಲೆಯಿಂದ ಸಾವಿರಾರು ಜನ ಹೋಗಿ ತುಳಿಯುತ್ತಾರೆ. ರಸ್ತೆಬದಿಯ ಹಳ್ಳಿಗರು ಮೇಜು ಹಾಕಿಕೊಂಡು ನಡುರಾತ್ರಿ ಕಾಫಿ ಕೊಡುತ್ತಾರಂತೆ. ಅಂತೆ, ಏಕೆಂದರೆ ನಾನು ಹೋಗಲಿಲ್ಲ.

ಅಡ್ಡ ಬಂದದ್ದು ಕಿರುಬೆರಳು. ಗಂಟೆಗಟ್ಟಲೆ ಹ್ಯಾಂಡಲ್ ಮೇಲೆ ಭಾರ ಹಾಕಿದರೆ ಮಣಿಕಟ್ಟಿನಲ್ಲಿ ಹಾದುಹೋಗುವ ಅಲ್ನಾರ್ ನರ ಅದುಮಿಹೋಗಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ವೈದ್ಯರು ಇದಕ್ಕೆ 'ಸೈಕ್ಲಿಸ್ಟ್ಸ್ ಪಾಲ್ಸಿ' ಎಂದೇ ನಾಮಕರಣ ಮಾಡಿದ್ದಾರೆ. ಬಹಳ ಜನರಿಗೆ ಸ್ವಲ್ಪ ದಿನದಲ್ಲಿ ಹೋಗುತ್ತದೆ, ನನ್ನದು ಠಿಕಾಣಿ ಹೂಡಿತು. ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯಬೇಕಾಯಿತು. ಮದುವೆಮನೆಯಲ್ಲಿ ಹಿಡಿದ ಅಕ್ಷತೆ ಮುಹೂರ್ತಕ್ಕೆ ಮುಂಚೆಯೇ ಬೆರಳಸಂದಿಯಿಂದ ಸೋರಿ, ಮುಂದಿನ ಸಾಲಿನ ಯಜಮಾನರೊಬ್ಬರಿಗೆ ಆಶೀರ್ವಾದವಾಯಿತು.

"ದೂರದ ಸವಾರಿ ಸಾಕು, ಬೇರೆ ಏನಾದರೂ ಗುರಿ ಇಟ್ಟುಕೊಳ್ಳಿ" ಎಂದರು ಡಾಕ್ಟರು. ಗೆಳೆಯರು ಕೂಡಲೇ ನೆರವಿಗೆ ಬಂದರು. ಒಬ್ಬ ಮ್ಯಾರಥಾನ್ ಎಂದ. ಇನ್ನೊಬ್ಬ 3.8 ಕಿಲೋಮೀಟರ್ ಈಜಿ, ಆಮೇಲೆ 180 ಕಿಲೋಮೀಟರ್ ತುಳಿದು, ಆಮೇಲೆ ಓಡುವ ಐರನ್‌ಮ್ಯಾನ್ ಎಂದ. ಕುಡಿತ ಬಿಡು ಎಂದು ಡಾಕ್ಟರು ಹೇಳಿದವನಿಗೆ ಬೇರೆ ಬ್ರ್ಯಾಂಡು ಸೂಚಿಸಿದ ಹಾಗೆ.

ಖಾಲಿ ಭಾನುವಾರ ಎಷ್ಟು ಉದ್ದ ಇರುತ್ತದೆ ಎಂದು ಆಗ ಗೊತ್ತಾಯಿತು. ಅಭ್ಯಾಸಬಲದಿಂದ ಮೂರೂವರೆಗೇ ಎಚ್ಚರ. ಎದ್ದು ಮಾಡುವುದೇನು? ಇಷ್ಟು ವರ್ಷ ನಾನಿಲ್ಲದ ಭಾನುವಾರಗಳನ್ನು ನನ್ನವಳು ತನಗೆ ಬೇಕಾದಂತೆ ಜೋಡಿಸಿಕೊಂಡಿದ್ದಳು. ಆಕಾಶವಾಣಿ, ಎರಡನೇ ಕಾಫಿ, ಹತ್ತು ಗಂಟೆಯವರೆಗೆ ಯಾರೊಡನೆಯೂ ಮಾತಿಲ್ಲ. ಆ ನೆಮ್ಮದಿಯ ನಡುವೆ ಹೋಗಿ ನಾನು "ತಿಂಡಿ ಏನು?" ಎಂದು ಕೇಳಿದರೆ, ಬಾಡಿಗೆದಾರ ಮನೆ ಮಾಲೀಕರ ಅಡುಗೆಮನೆಗೆ ಇಣುಕಿದಂತೆ ನೋಡುತ್ತಿದ್ದಳು. ತಪ್ಪೇನೂ ಇಲ್ಲ ಅನ್ನಿ.

ಫಿಸಿಯೋಥೆರಪಿಯವರು ಬೆರಳಿಗೆ ಹಿಸುಕಲು ಒಂದು ಬಗೆಯ ಮೆತ್ತನೆ ಜೇಡಿ ಬರೆದುಕೊಟ್ಟರು. ಬೆಲೆ ನೋಡಿ ಇವಳು, "ಅದಕ್ಯಾಕೆ ರೀ ದುಡ್ಡು, ಅವರೆಕಾಳು ನೆನೆ ಹಾಕಿದೀನಿ, ಬನ್ನಿ" ಎಂದಳು. ಡಿಸೆಂಬರ್, ಸೊಗಡವರೆಯ ಕಾಲ. ಹಿತಕಿದ ಬೇಳೆ ಎಂದರೆ ನೆನೆದ ಕಾಳನ್ನು ಒಂದೊಂದಾಗಿ ಅದುಮಿ ಸಿಪ್ಪೆಯಿಂದ ಬಿಡಿಸಬೇಕು. ಇವಳ ಕೈಯಲ್ಲಿ ಅದು ಪಟ್ಟನೆ ಪಾತ್ರೆಗೆ ಬೀಳುತ್ತದೆ. ನಾನು ಹೆಬ್ಬೆರಳಿಗೆ ಜೋಮು ಹಿಡಿದ ಬೆರಳನ್ನೇ ಜೊತೆ ಮಾಡಬೇಕಿತ್ತು. ಕಾಳು ಜಾರಿ ಫ್ರಿಜ್ಜಿನ ಕೆಳಗೆ ಹೋಯಿತು. ಇನ್ನೊಂದು ನನ್ನ ಕನ್ನಡಕಕ್ಕೇ ಹೊಡೆಯಿತು. ಸ್ವಲ್ಪ ಹೊತ್ತಿಗೆ ಕೈ ಕುದುರಿತು ನೋಡಿ, ಮೆಲ್ಲಗೆ ವಾಚಿನ ಗುಂಡಿ ಒತ್ತಿದೆ. ಅದರಲ್ಲಿ ಅವರೆಕಾಳಿನ ವಿಭಾಗ ಇರಲಿಲ್ಲ, 'ಇತರೆ' ಎಂದು ಕೊಟ್ಟೆ.

"ಯಾರ ಜೊತೆ ರೇಸು?" ಎಂದಳು, ತಲೆಯೆತ್ತದೆ.

"ಇದು ರೇಸ್ ಅಲ್ಲ" ಎಂದೆ.

ವಾಚು ಬಿಚ್ಚಿಸಿ ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು. ಆಮೇಲೆ ಕಾಳು ಹಿತಕುತ್ತ ಅವಳ ತಂಗಿಯ ಮನೆ ವಿಷಯ, ಎದುರುಮನೆಯವರು ಸೈಟು ಮಾರಿದ್ದು, ಮಾವನವರಿಗೆ ಒಮ್ಮೆ ಆಸ್ಪತ್ರೆಯಲ್ಲಿ ರಾತ್ರಿ ಕಾವಲು ಕೂತದ್ದು, ಎಲ್ಲ ಹೇಳಿದಳು. ಅವಳಿಗೆ ಅವೆಲ್ಲ ಹಳೆಯ ಕಥೆ. ನನಗೆ ತಾಜಾ ಸುದ್ದಿ.

ಬದುಕಿನ ಬ್ಯಾಲೆನ್ಸಿನ ವಿಷಯ ಬಂದಾಗಲೆಲ್ಲ ಉಪದೇಶಕರು ಸೈಕಲ್ಲನ್ನೇ ಎಳೆದು ತರುತ್ತಾರೆ: ಓಡುತ್ತಿದ್ದರೆ ನಿಲ್ಲುತ್ತದೆ, ನಿಂತರೆ ಬೀಳುತ್ತದೆ. ಸೈಡ್ ಸ್ಟ್ಯಾಂಡ್ ಎಂಬ ವಸ್ತುವೊಂದಿದೆ ಎಂದು ಯಾರೂ ಹೇಳುವುದಿಲ್ಲ. ತೂಕ ಹೆಚ್ಚಾಗುತ್ತದೆಂದು ನನ್ನ ಸೈಕಲ್ಲಿಗೆ ಅದನ್ನು ಹಾಕಿಸಿರಲಿಲ್ಲ. ಈಗ ಹಾಕಿಸಿದ್ದೇನೆ. ಹ್ಯಾಂಡಲ್ ಎತ್ತರಿಸಿ, ಮುಂದೆ ಬುಟ್ಟಿ ಕಟ್ಟಿಸಿ ಗಾಂಧಿ ಬಜಾರಿಗೆ ಹೋಗಿಬರುತ್ತೇನೆ. ಬುಟ್ಟಿ ನೋಡಿದ ಮೇಲೆ ಕೆಲವು ಗೆಳೆಯರು ಮಾತು ಕಡಿಮೆ ಮಾಡಿದ್ದಾರೆ.

ಆಸೆ ಪೂರ್ತಿ ಹೋಗಿದೆ ಎಂದರೆ ನೀವೂ ನಂಬುವುದಿಲ್ಲ. ಆಗೊಮ್ಮೆ ಈಗೊಮ್ಮೆ ಕಂಟ್ರೋಲಿನಲ್ಲಿ ಸೀಲು ಒತ್ತಲು ಹೋಗಿ ಕೂರುತ್ತೇನೆ. ಒಂದು ರಾತ್ರಿ ಹುಡುಗನೊಬ್ಬ ಕಂಟ್ರೋಲ್ ಮುಚ್ಚಿ ಸ್ವಲ್ಪ ಹೊತ್ತಾದ ಮೇಲೆ ಬಂದ. ಕಾರ್ಡು ಚಾಚಿ ನನ್ನ ಮುಖವನ್ನೇ ನೋಡಿದ. ಇದ್ದ ಸಮಯವನ್ನೇ ಬರೆದೆ. ಅವನು ಒಂದು ಬಾಳೆಹಣ್ಣು ತಿಂದ, ಇನ್ನೊಂದು ತಿಂದ, ಶೂ ಬಿಚ್ಚಿ ಕಾಲು ಚಾಚಿ, "ಅಂಕಲ್, ಇಲ್ಲಿ ಬಿಸಿ ಇಡ್ಲಿ ಎಷ್ಟೊತ್ತಿಗೆ ಸಿಗುತ್ತೆ?" ಎಂದ. ನಾನು ಆ ಪ್ರಶ್ನೆಗೆ ಬರಲು ಎಷ್ಟು ವರ್ಷ ತೆಗೆದುಕೊಂಡೆನೋ!

ಮುಂದಿನ ಪಿಬಿಪಿ 2027ರ ಆಗಸ್ಟ್‌ನಲ್ಲಿ. ಹೋಗುವ ಮನಸ್ಸಿದ್ದರೆ ಅದೇ ಸೀಸನ್ನಿನಲ್ಲಿ ನಾಲ್ಕೂ ಬ್ರೆವೆಗಳನ್ನು ಮುಗಿಸಿ ಅರ್ಹತೆ ಪಡೆಯಬೇಕು. ನನ್ನ ಲೈಟುಗಳು, ರಿಫ್ಲೆಕ್ಟರ್ ಜಾಕೆಟ್ಟು ಅಟ್ಟದ ಮೇಲಿವೆ, ಬೇಕಾದವರು ಬಂದು ಒಯ್ಯಬಹುದು. ಡಿಸೆಂಬರಿನ ಭಾನುವಾರವೇ ಬನ್ನಿ, ಹತ್ತು ಗಂಟೆಯ ಮೇಲೆ. ಅವರೆಕಾಳು ಹಿತಕಲು ಇನ್ನೊಂದು ಜೊತೆ ಕೈ ಬೇಕಾಗಿದೆ.