ಎರಡನೆಯ ಟ್ಯಾಂಕಿಗೆ ಬಂದ ಕ್ಲಾಸು

ಬಸವಕಲ್ಯಾಣ, ತ್ರಿಪುರಾಂತದ ಕಡೆಯ ಒಂದು ಮನೆಯ ಮಾಳಿಗೆ. ಏಪ್ರಿಲ್ ಬಿಸಿಲು ಒಂಬತ್ತಕ್ಕೇ ಏರಿದೆ, ಬರಿಗಾಲಲ್ಲಿ ನಿಂತರೆ ನೆಲ ಸುಡುತ್ತದೆ. ಎರಡು ಕರಿ ಸಿಂಟೆಕ್ಸ್ ಟ್ಯಾಂಕು. ಒಂದು ಮನೆಯವರದು, ಇನ್ನೊಂದು ಬಾಡಿಗೆಯವರದು. ಅವುಗಳ ನಡುವಿನ ಅಷ್ಟಿಷ್ಟು ನೆರಳಿನಲ್ಲಿ ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಲ್ಯಾಪ್‌ಟಾಪು, ಲ್ಯಾಪ್‌ಟಾಪಿಗೆ ಕೇಬಲ್ಲಿನಿಂದ ಜೋಡಿಸಿದ ಆರ್ಡುಯಿನೊ ಉನೊ. ಡಿಪ್ಲೊಮಾ ಓದುವ ಹುಡುಗ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಾನೆ. ಕೆಳಗಿನಿಂದ ಅಜ್ಜಿಯ ಕೂಗು: “ಏ ತಮ್ಮಾ, ನೀರ್ ತುಂಬಿ ಹರಿಲತ್ತಾವ ನೋಡೋ!”

ಹರಿಯುತ್ತಿರುವುದು ಬಾಡಿಗೆಯವರ ಟ್ಯಾಂಕು. ಹುಡುಗ ಎರಡೆರಡು ಮೆಟ್ಟಿಲು ಹಾರಿ ಇಳಿದು, ಸಂಪಿನ ಪಕ್ಕದ ಸ್ವಿಚ್ಚನ್ನು ಕೈಯಿಂದಲೇ ಆರಿಸುತ್ತಾನೆ.

ನಿನ್ನೆವರೆಗೂ ಎಲ್ಲ ಸರಿಯಾಗಿತ್ತು. ಟ್ಯಾಂಕಿನೊಳಗೆ ಒಂದು ಫ್ಲೋಟ್ ಸ್ವಿಚ್. ನೀರು ಮೇಲೆ ಬಂದಂತೆ ಅದು ತೇಲಿ ಸುದ್ದಿ ಕೊಡುತ್ತದೆ. ಸುದ್ದಿ ಬಂದ ತಕ್ಷಣ ಮೋಟಾರು ನಿಲ್ಲಿಸುವಂತಿಲ್ಲ. ಮೇಲಿನಿಂದ ಬೀಳುವ ನೀರಿಗೆ ಫ್ಲೋಟು ಕುಣಿಯುತ್ತದೆ, ಹೌದು-ಅಲ್ಲ, ಹೌದು-ಅಲ್ಲ ಎನ್ನುತ್ತಲೇ ಇರುತ್ತದೆ. ಅದಕ್ಕೇ ಫ್ಲೋಟು ಕೊನೆಯ ಸಲ ಅಲುಗಾಡಿದ ಹೊತ್ತನ್ನು ‘ಸಮಯ1’ ಎಂಬ ವೇರಿಯಬಲ್ಲಿನಲ್ಲಿಟ್ಟು, 3000 ಮಿಲಿಸೆಕೆಂಡು ಒಂದೇ ಮಾತಿಗೆ ನಿಂತರೆ ಮಾತ್ರ ನಂಬು ಎಂದು ಹುಡುಗ ಬರೆದಿದ್ದ. ಎರಡನೆಯ ಟ್ಯಾಂಕು, ಎರಡನೆಯ ಮೋಟಾರು ಬಂದಾಗ ಎಲ್ಲರೂ ಮಾಡುವುದನ್ನೇ ಮಾಡಿದ: ಇಡೀ ತುಂಡನ್ನು ಕಾಪಿ ಹೊಡೆದು ಕೆಳಗೆ ಅಂಟಿಸಿ, ಒಂದು ಇದ್ದಲ್ಲೆಲ್ಲ ಎರಡು ಮಾಡುತ್ತ ಹೋದ.

ಮೋಟಾರಿನ ಅಂಗಡಿಯಲ್ಲಿ ರಿಲೇ ತೋರಿಸಲು ಹುಡುಗ ಹತ್ತಿದ ಹುಮನಾಬಾದಿನ ಬಸ್ಸು ಸಸ್ತಾಪುರ ಬಂಗ್ಲಾ ದಾಟಿ ಹೈದರಾಬಾದಿನ ಹೆದ್ದಾರಿಗೆ ಬಿದ್ದಿದೆ. ಕಿಟಕಿಯಿಂದ ಬಿಸಿಗಾಳಿ. ಹುಡುಗ ಮೊಬೈಲಿನಲ್ಲಿ ತನ್ನ ಕೋಡನ್ನು ಮೇಲೆ ಕೆಳಗೆ ಜಾರಿಸುತ್ತಿದ್ದಾನೆ. ರಾಜೇಶ್ವರ ಬರುವ ಹೊತ್ತಿಗೆ ಬೆರಳು ಒಂದು ಸಾಲಿನ ಮೇಲೆ ನಿಲ್ಲುತ್ತದೆ. ಎರಡನೆಯ ಟ್ಯಾಂಕಿನ ತುಂಡಿನಲ್ಲಿ ಒಂದು ಕಡೆ ಇನ್ನೂ ‘ಸಮಯ1’ ಉಳಿದಿದೆ. ಮನೆಯವರ ಟ್ಯಾಂಕಿನ ಫ್ಲೋಟು ಕುಣಿಯುತ್ತಿರುವವರೆಗೂ ಬಾಡಿಗೆಯವರ ಟ್ಯಾಂಕಿನ ಮೂರು ಸೆಕೆಂಡು ಮುಗಿಯುವುದೇ ಇಲ್ಲ. ಬೇರೆ ಬೇರೆ ಹೊತ್ತಿಗೆ ತುಂಬಿದರೆ ತೊಂದರೆ ಕಾಣದು, ಎರಡೂ ಒಟ್ಟಿಗೆ ತುಂಬುವ ದಿನ ನೀರು ಮಾಳಿಗೆಯ ಮೇಲೆ. ಕಂಪೈಲರಿಗೆ ಇದು ತಪ್ಪೇ ಅಲ್ಲ. ಅದರ ಪಾಲಿಗೆ ಎರಡೂ ಹೆಸರು ಊರ್ಜಿತ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಥ ತಪ್ಪಿಗೆ ಮದ್ದು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಆದರೆ ಅದನ್ನು ನಮ್ಮ ತರಗತಿಗಳಲ್ಲಿ ‘ಪ್ರಾಣಿ’ಯಿಂದ ‘ನಾಯಿ’, ‘ನಾಯಿ’ಯಿಂದ ‘ಬೊಗಳು’ ಎಂದು ಕಲಿಸಿ ಹಾಳು ಮಾಡಿದ್ದೇವೆ. ಅದು ಹುಟ್ಟಿದ್ದು ಹಾಗಲ್ಲ. 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ದಾಲ್, ಕ್ರಿಸ್ಟನ್ ನ್ಯೂಗಾರ್ಡ್ ಇಬ್ಬರೂ ಹೊರಗಿನ ಲೋಕದ ನಡೆಯನ್ನು ಗಣಕದಲ್ಲಿ ಅನುಕರಿಸಲು ಸಿಮುಲಾ ಭಾಷೆ ಕಟ್ಟಿದರು. ಒಂದೇ ಬಗೆಯ ಹಲವು ವಸ್ತುಗಳು, ಪ್ರತಿಯೊಂದಕ್ಕೂ ತನ್ನದೇ ಸ್ಥಿತಿ. ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆ ವಿಚಾರವನ್ನು ಸಿ ಭಾಷೆಗೆ ಕಸಿ ಮಾಡಲು ಕೂತರು, ಸಿ++ ಬಂತು. ಆರ್ಡುಯಿನೊದ ಕೋಡು ಅದೇ ಸಿ++. ‘ಸೀರಿಯಲ್.ಬಿಗಿನ್(9600)’ ಎಂದು ಮೊದಲ ದಿನವೇ ಬರೆಯುವ ಹುಡುಗರು ಆಗಲೇ ಒಂದು ಆಬ್ಜೆಕ್ಟಿಗೆ ಕೆಲಸ ಹೇಳಿರುತ್ತಾರೆ. ಯಾರೂ ಅವರಿಗೆ ತಿಳಿಸಿರುವುದಿಲ್ಲ, ಅಷ್ಟೇ.

ಹುಮನಾಬಾದಿನ ಮೋಟಾರ್ ರಿವೈಂಡಿಂಗ್ ಅಂಗಡಿ. ಒಳಗೆ ವಾರ್ನಿಶ್ ವಾಸನೆ, ಹೊಸಲಿನ ಬಳಿ ಕಿತ್ತು ಹಾಕಿದ ಸುಟ್ಟ ತಾಮ್ರದ ರಾಶಿ. ಅಂಗಡಿಯ ಕಾಕಾ ಹುಡುಗನ ನೀಲಿ ರಿಲೇಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ.

“ಹತ್ತು ಆಂಪಿಯರ್ ಅಂತ ಬರ್ದಾರ ಖರೆ. ಮೋಟಾರ್ ಏಳೋವಾಗ ಐದಾರು ಪಟ್ಟು ಎಳಿತದ. ಇದರ ಮ್ಯಾಲ ನೇರ ಮೋಟಾರ್ ಹಾಕಬ್ಯಾಡ. ಇದು ಕಾಂಟ್ಯಾಕ್ಟರ್ ಎಳೀಲಿ, ಕಾಂಟ್ಯಾಕ್ಟರ್ ಮೋಟಾರ್ ಎಳೀಲಿ.”

“ಹೌದ್ರಿ ಕಾಕಾ, ಅದಕ್ಕೇ ಬಂದೀನ್ರಿ.”

ಕಾಕಾನ ಮೇಜಿನ ಮೇಲೆ ಎಣ್ಣೆ ಬೆರಳಚ್ಚು ಮೆತ್ತಿದ ಒಂದು ರಿಜಿಸ್ಟರಿದೆ. ಒಂದೊಂದು ಮೋಟಾರಿಗೆ ಒಂದೊಂದು ಸಾಲು: ಎಚ್‌ಪಿ, ಸ್ಲಾಟು, ಟರ್ನು, ತಂತಿಯ ಗೇಜು. ಸುತ್ತುವ ಬಗೆ ಮಾತ್ರ ಯಾವ ಸಾಲಿನಲ್ಲೂ ಇಲ್ಲ, ಅದು ಕಾಕಾನ ಕೈಯಲ್ಲಿದೆ. ಕ್ಲಾಸು ಎಂದರೆ ಹೆಚ್ಚುಕಡಿಮೆ ಇಷ್ಟೇ. ಹುಡುಗ ಬೆಂಚಿನ ಮೇಲೆ ಲ್ಯಾಪ್‌ಟಾಪು ಬಿಚ್ಚುತ್ತಾನೆ. ‘ಕ್ಲಾಸ್ ಟ್ಯಾಂಕ್’. ಒಳಗೆ ಐದೇ ವೇರಿಯಬಲ್: ಫ್ಲೋಟಿನ ಪಿನ್, ರಿಲೇಯ ಪಿನ್, ಈಗಿನ ಸುದ್ದಿ, ನಂಬಿದ ಸುದ್ದಿ, ಸಮಯ. ಸಮಯ1, ಸಮಯ2 ಇಲ್ಲ, ಬರೀ ಸಮಯ. ಕ್ಲಾಸಿನ ಹೊರಗೆ ಎರಡು ಸಾಲು: ‘ಟ್ಯಾಂಕ್ ಮನೆ(4, 8);’ ಮತ್ತು ‘ಟ್ಯಾಂಕ್ ಬಾಡಿಗೆ(5, 9);’. ಲೂಪಿನಲ್ಲಿ ‘ಮನೆ.ನೋಡು(); ಬಾಡಿಗೆ.ನೋಡು();’. ಒಬ್ಬರ ಸಮಯ ಇನ್ನೊಬ್ಬರ ಕೈಗೆ ಸಿಗುವ ದಾರಿಯೇ ಮುಚ್ಚಿತು.

ಕಾಕಾ ರೊಟ್ಟಿಯ ಗಂಟು ಬಿಚ್ಚುತ್ತ ಕೇಳುತ್ತಾರೆ: “ಕರೆಂಟ್ ಹೋಗಿ ಬಂತಂದ್ರ ನಿನ್ ಡಬ್ಬಿ ಏನ್ ಮಾಡ್ತದ?”

ಹುಡುಗ ಕೇಬಲ್ಲು ಕಿತ್ತು ಮತ್ತೆ ಚುಚ್ಚುತ್ತಾನೆ. ಟಕ್! ಎರಡೂ ರಿಲೇಗಳು ಒಂದು ಕ್ಷಣ ಎಳೆದು ಬಿಡುತ್ತವೆ. ಇಂಥ ರಿಲೇ ಬೋರ್ಡುಗಳು ಬಹುಪಾಲು ಉಲ್ಟಾ: ಪಿನ್ ಲೋ ಆದರೆ ಚಾಲೂ, ಹೈ ಆದರೆ ಬಂದ್. ಪಿನ್ನನ್ನು ಔಟ್‌ಪುಟ್ ಎಂದು ಘೋಷಿಸಿದೊಡನೆ ಅದು ಲೋ ಆಗಿಯೇ ಎದ್ದೇಳುತ್ತದೆ. ಮೊದಲು ಹೈ ಬರೆದು ಆಮೇಲೆ ಔಟ್‌ಪುಟ್ ಎನ್ನಬೇಕು. ಹುಡುಗ ಸೆಟಪ್ಪಿನಿಂದ ಕರೆಯುವ, ಕ್ಲಾಸಿನ ‘ಬಿಗಿನ್’ ಫಂಕ್ಷನ್ನಿನಲ್ಲಿ ಆ ಎರಡು ಸಾಲನ್ನು ಹಿಂದುಮುಂದು ಮಾಡುತ್ತಾನೆ. ಒಂದೇ ಕಡೆ ತಿದ್ದಿದ್ದು, ಎರಡೂ ರಿಲೇ ತೆಪ್ಪಗಾದವು. ಕಾಪಿ ಹೊಡೆದ ಹಳೆ ಕೋಡಿನಲ್ಲಾಗಿದ್ದರೆ ಎರಡು ಕಡೆ ಹುಡುಕಿ ತಿದ್ದಬೇಕಿತ್ತು. ಪಿನ್ನಿನ ಕೆಲಸವನ್ನು, ಆಬ್ಜೆಕ್ಟು ಹುಟ್ಟುವಾಗಲೇ ಓಡುವ ಕನ್‌ಸ್ಟ್ರಕ್ಟರಿಗೆ ಒಪ್ಪಿಸದೆ ‘ಬಿಗಿನ್’ನಲ್ಲಿಟ್ಟಿದ್ದೂ ಸರಿಯೇ. ಹೊರಗೆ ಬರೆದ ಆಬ್ಜೆಕ್ಟುಗಳು ಆರ್ಡುಯಿನೊ ತನ್ನ ಟೈಮರುಗಳನ್ನು ಸಜ್ಜು ಮಾಡಿಕೊಳ್ಳುವ ಮೊದಲೇ ಹುಟ್ಟಿರುತ್ತವೆ.

ಲೆಕ್ಕವನ್ನೂ ನೋಡಿಬಿಡಿ. ಉನೊದ ಎಟಿಮೆಗಾ328ಪಿ ಚಿಪ್ಪಿನಲ್ಲಿ ರ್‍ಯಾಮ್ ಇರುವುದು 2048 ಬೈಟು. ನಮ್ಮ ಟ್ಯಾಂಕಿನ ಒಂದು ಆಬ್ಜೆಕ್ಟು 8 ಬೈಟು: ಸಮಯಕ್ಕೆ 4, ಉಳಿದ ನಾಲ್ಕಕ್ಕೆ ಒಂದೊಂದು. ‘ನೋಡು’ ಫಂಕ್ಷನ್ನು ಟ್ಯಾಂಕು ಎಷ್ಟೇ ಇರಲಿ ಫ್ಲ್ಯಾಶಿನಲ್ಲಿ ಒಂದೇ ಸಲ ಕೂರುತ್ತದೆ. ಕ್ಲಾಸು ಬರೆದರೆ ಸಣ್ಣ ಚಿಪ್ಪಿಗೆ ಭಾರ ಎನ್ನುವವರ ಮಾತು ಇಲ್ಲಿ ನಿಲ್ಲುವುದಿಲ್ಲ. ವರ್ಚುವಲ್ ಫಂಕ್ಷನ್ನು, ‘ನ್ಯೂ’, ನಾಲ್ಕು ತಲೆಮಾರಿನ ಇನ್‌ಹೆರಿಟೆನ್ಸು ಹೇರಿದರೆ ಭಾರ ನಿಜ. ಅವು ಈ ಟ್ಯಾಂಕುಗಳಿಗೆ ಬೇಕಾಗಿಲ್ಲ.

ಇನ್ನೊಂದು ಸಣ್ಣ ಸಂಗತಿ: ಬೋರ್ಡು ಚಾಲೂ ಆದಾಗಿನಿಂದ ಮಿಲಿಸೆಕೆಂಡು ಲೆಕ್ಕ ಇಡುವ ‘ಮಿಲಿಸ್’ ಎಣಿಕೆ ಸುಮಾರು 50 ದಿನಕ್ಕೆ ಮತ್ತೆ ಸೊನ್ನೆಗೆ ಬರುತ್ತದೆ. ತಿಂಗಳುಗಟ್ಟಲೆ ಆರದ ಡಬ್ಬಿಗೆ ಆ ದಿನ ಬಂದೇ ಬರುತ್ತದೆ. ಹುಡುಗ ‘ಮಿಲಿಸ್() - ಸಮಯ’ ಎಂದು ಕಳೆಯುವ ರೀತಿಯಲ್ಲಿ, ಅನ್‌ಸೈನ್ಡ್ ಲಾಂಗ್‌ನಲ್ಲಿ ಬರೆದಿದ್ದಾನೆ, ಹಾಗಾಗಿ ಅಂದೂ ಲೆಕ್ಕ ತಪ್ಪದು.

ಮೋಟಾರು ಒಯ್ಯಲು ಬಂದ ರೈತರೊಬ್ಬರು ಬೆಂಚಿನ ಹತ್ತಿರ ನಿಂತು ನೋಡಿ, “ಮೂರು ಟ್ಯಾಂಕ್ ಇದ್ರ ನಡಿತದೇನ್ರಿ?” ಎನ್ನುತ್ತಾರೆ. ಹುಡುಗ ‘ಟ್ಯಾಂಕ್ ಹೊಲ(6, 10);’ ಎಂದು ಒತ್ತಿ, ಸೆಟಪ್ಪಿಗೊಂದು, ಲೂಪಿಗೊಂದು ಸಾಲು ಸೇರಿಸುತ್ತಾನೆ. ಬಕೆಟ್ಟಿನ ನೀರಿನಲ್ಲಿ ಫ್ಲೋಟು ಮುಳುಗಿಸಿ ತೇಲಿಸಿದರೆ ಮೂರು ಸೆಕೆಂಡಿಗೆ ಮೂರನೆಯ ಮೋಟಾರಿನ ಬದಲಿಗಿಟ್ಟ ಎಲ್‌ಇಡಿ ಆರುತ್ತದೆ.

ನೀವೂ ಕಲಿಯಲು ಕೂರುವವರಾದರೆ ಟ್ಯಾಂಕು ಒಂದೇ ಇರುವಾಗ ಕ್ಲಾಸಿನ ಗೊಡವೆಗೆ ಹೋಗಬೇಡಿ. ಎರಡನೆಯದಕ್ಕೆ ಕಾಪಿ ಹೊಡೆಯಲು ಕೈ ಹೋದಾಗ ಬರೆಯಿರಿ. ಮೋಟಾರಿನ ಜಾಗದಲ್ಲಿ ಮೊದಲು ಎಲ್‌ಇಡಿ ಹಾಕಿ ನೋಡಿ. 230 ವೋಲ್ಟಿನ ತಂತಿಯನ್ನು ಮಾತ್ರ ಬಲ್ಲವರ ಕೈಯಲ್ಲೇ ಕಟ್ಟಿಸಿ.