ಬಣ್ಣ ಹತ್ತದ ಜಮಖಂಡಿ

ಹೊರಗೆ ಜಿಟಿಜಿಟಿ ಮಳೆ. ಜಮಖಂಡಿ ಬಜಾರಿನ ಕಂಪ್ಯೂಟರ್ ಅಂಗಡಿಯೊಳಗೆ ನೀವು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಕೀಬೋರ್ಡ್ ಹಿಡಿದ ಹುಡುಗಿಯ ಪಕ್ಕದಲ್ಲೇ ಕೂತಿದ್ದೀರಿ. ಬೆನ್ನ ಹಿಂದೆ ಒದ್ದೆ ಕೊಡೆ ಮಡಚುತ್ತ ನಿಂತವರು ಊರೂರು ಅಲೆದು ಪಟ್ಟಿ ತಂದ ಕಾಕಾ. ಪರದೆಯ ಮೇಲೆ ಎಕ್ಸೆಲ್ ಹಾಳೆ: ಎ ಕಾಲಮ್ಮಿನಲ್ಲಿ ಮನೆ ನಂಬರು ಸಮೇತ ಮನೆಯವರ ಹೆಸರು, ಬಿಯಲ್ಲಿ ಊರು, ಸಿಯಲ್ಲಿ ತಾಲ್ಲೂಕು, ಡಿಯಲ್ಲಿ ಹೊಳೆ, ಇಯಲ್ಲಿ ಸ್ಥಳಾಂತರ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಲ್ಕೂ ತಾಲ್ಲೂಕುಗಳ ಹೊಳೆದಂಡೆಯ ಮನೆಗಳು ಸಾಲುಗಟ್ಟಿವೆ.

“ಕೃಷ್ಣಾದವ್ರು ಬ್ಯಾರೆ, ಘಟಪ್ರಭಾದವ್ರು ಬ್ಯಾರೆ ಕಾಣಬೇಕು ನೋಡವಾ,” ಅನ್ನುತ್ತಾರೆ ಕಾಕಾ.

ಅವರು ಸುಮ್ಮನೆ ಹೇಳುತ್ತಿಲ್ಲ. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಕೊಯ್ನಾದಿಂದ ನೀರು ಬಿಟ್ಟರೆ ಏರುವುದು ಕೃಷ್ಣೆ. ಎಚ್ಚರಿಸಬೇಕಾದ್ದು ಮುತ್ತೂರು, ಶೂರ್ಪಾಲಿ, ತಮದಡ್ಡಿಯವರನ್ನು. ಹಿಡಕಲ್ ಜಲಾಶಯದ ಗೇಟು ಎತ್ತಿದರೆ ಏರುವುದು ಘಟಪ್ರಭೆ. ಆಗ ಫೋನ್ ಹೋಗಬೇಕಾದ್ದು ಮಿರ್ಜಿಗೆ, ಮಾಚಕನೂರಿಗೆ. ಬೀಳಗಿಯದು ಎರಡೂ ಹೊಳೆಗಳ ನಡುವಿನ ಪಾಡು: ಗಲಗಲಿಗೆ ಕೃಷ್ಣೆ, ಅನಗವಾಡಿಗೆ ಘಟಪ್ರಭೆ. 2019ರ ಆಗಸ್ಟ್‌ನಲ್ಲಿ ಎರಡೂ ಒಟ್ಟಿಗೇ ಉಕ್ಕಿದ್ದನ್ನು ಈ ಕಡೆಯವರು ಮರೆತಿಲ್ಲ.

ಹುಡುಗಿ ಡಿ ಕಾಲಮ್ಮನ್ನಷ್ಟೇ ಆಯ್ದುಕೊಳ್ಳುತ್ತಾಳೆ. ಹೋಮ್, ಕಂಡೀಷನಲ್ ಫಾರ್ಮ್ಯಾಟಿಂಗ್, ಹೈಲೈಟ್ ಸೆಲ್ಸ್ ರೂಲ್ಸ್, ಟೆಕ್ಸ್ಟ್ ದಟ್ ಕಂಟೇನ್ಸ್. ಪುಟ್ಟ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ‘ಕೃಷ್ಣಾ’ ಎಂದು ಟೈಪಿಸಿ ನೀಲಿ ಆರಿಸುತ್ತಾಳೆ. ಕಣ್ಣೆದುರೇ ಕಾಲಮ್ಮಿನ ಉದ್ದಕ್ಕೂ ನೀಲಿ ಹರಡುತ್ತದೆ. ಘಟಪ್ರಭೆಗೆ ಹಳದಿ. ಇಡೀ ಹಾಳೆ ಆಯ್ದಿದ್ದರೆ ಘಟಪ್ರಭೆಯ ದಂಡೆಯ ಕೃಷ್ಣಾಬಾಯಿಯ ಹೆಸರೂ ನೀಲಿಯಾಗುತ್ತಿತ್ತು. ಯಂತ್ರಕ್ಕೆ ಹೊಳೆಯೂ ಗೊತ್ತಿಲ್ಲ, ಬಾಯಿಯೂ ಗೊತ್ತಿಲ್ಲ. ಆ ಅಕ್ಷರಗಳು ಅದೇ ಕ್ರಮದಲ್ಲಿ ಸೆಲ್ಲಿನೊಳಗೆ ಎಲ್ಲಾದರೂ ಇವೆಯೇ ಎಂದಷ್ಟೇ ನೋಡುತ್ತದೆ. ಈ ಗುಣ ಒಮ್ಮೊಮ್ಮೆ ಅನುಕೂಲವೇ. ಬಿ ಕಾಲಮ್ಮಿಗೆ ‘ಪಡಸಲಗಿ’ ಅಂದರೆ ಸಾಕು, ಹಿರೇಪಡಸಲಗಿಯ ಜೊತೆಗೆ, ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜು ಕಟ್ಟಿಕೊಂಡ ಚಿಕ್ಕಪಡಸಲಗಿಯೂ ಬಣ್ಣ ಪಡೆಯುತ್ತದೆ.

ಆದರೆ ಈಗ ಇ ಕಾಲಮ್ ನೋಡಿ. ಇಲ್ಲಿ ಎರಡೇ ಮಾತು: ಮನೆಯವರೆಲ್ಲ ಗಂಜಿ ಕೇಂದ್ರ ಸೇರಿದ್ದರೆ ‘ಪೂರ್ಣ’, ಯಾರಾದರೂ ಉಳಿದಿದ್ದರೆ ‘ಅಪೂರ್ಣ’. ಅವಸರದ್ದು ಮೊದಲು ಎಂದು ಹುಡುಗಿ ‘ಅಪೂರ್ಣ’ಕ್ಕೆ ಕೆಂಪು ಕೊಡುತ್ತಾಳೆ. ಅಲ್ಲಲ್ಲಿ ಕೆಂಪು ಏಳುತ್ತದೆ. ಆಮೇಲೆ ‘ಪೂರ್ಣ’ಕ್ಕೆ ಹಸಿರು. ಒತ್ತಿದ ತಕ್ಷಣ ಕಾಲಮ್ಮೆಲ್ಲ ಹಸಿರು. ಕೆಂಪು ಒಂದೂ ಇಲ್ಲ.

“ಎಲ್ಲಾರೂ ದಾಟಿದ್ರೇನು?” ಕಾಕಾ ಮುಂದೆ ಬಾಗುತ್ತಾರೆ.

“ಇಲ್ರೀ ಕಾಕಾ. ‘ಅಪೂರ್ಣ’ದಾಗ ‘ಪೂರ್ಣ’ ಐತಲ್ರಿ.”

ನಿಜ. ‘ಅ’ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ‘ಪೂರ್ಣ’ವೇ. ಎಕ್ಸೆಲ್‌ನಲ್ಲಿ ಕೊನೆಗೆ ಬರೆದ ನಿಯಮ ಪಟ್ಟಿಯ ತಲೆಗೆ ಹೋಗಿ ಕೂರುತ್ತದೆ. ಎರಡು ನಿಯಮ ಒಂದೇ ಸೆಲ್ಲಿಗೆ ಬಣ್ಣ ಬಳಿಯಹೊರಟರೆ ಮೇಲಿನದೇ ಗೆಲ್ಲುತ್ತದೆ. ಮನೆಯೊಳಗೆ ಇನ್ನೂ ಮುದುಕಿಯೊಬ್ಬಳು ಕೂತಿದ್ದಾಳೆ, ಹಾಳೆ ಮಾತ್ರ ಹಸಿರು ತೋರಿಸುತ್ತಿದೆ ಎಂದರೆ ಅದಕ್ಕಿಂತ ಅಪಾಯದ ಹಾಳೆ ಬೇರೊಂದಿಲ್ಲ. ಬಣ್ಣವೇ ಇಲ್ಲದ ಹಾಳೆಯನ್ನು ಜನ ಓದಿಯಾದರೂ ನೋಡುತ್ತಾರೆ.

ಹುಡುಗಿ ಮ್ಯಾನೇಜ್ ರೂಲ್ಸ್ ತೆರೆದು ಬಾಣದ ಗುರುತು ಒತ್ತಿ ಕೆಂಪನ್ನು ಮೇಲಕ್ಕೇರಿಸುತ್ತಾಳೆ, ಪಕ್ಕದ ‘ಸ್ಟಾಪ್ ಇಫ್ ಟ್ರೂ’ಗೆ ಟಿಕ್ ಹಾಕುತ್ತಾಳೆ. ಕೆಂಪು ಮರಳಿ ಬರುತ್ತದೆ. ನನ್ನನ್ನು ಕೇಳಿದರೆ ಆ ಮಾತುಗಳನ್ನೇ ಬದಲಿಸುವುದು ಇನ್ನೂ ಒಳ್ಳೆಯದು: ‘ದಾಟಿದರು’, ‘ಉಳಿದರು’. ಒಂದರ ಹೊಟ್ಟೆಯೊಳಗೆ ಇನ್ನೊಂದು ಕೂರುವುದಿಲ್ಲ.

ಇನ್ನು ಸಿ ಕಾಲಮ್. ‘ಜಮಖಂಡಿ’ಗೆ ನಿಯಮ ಬರೆದಾಯಿತು. ಮೇಲಿನ ಸಾಲುಗಳಿಗೆಲ್ಲ ಬಣ್ಣ ಬಂತು, ಏಳನೆಯ ಸಾಲು ಬೆಳ್ಳಗೇ ಉಳಿಯಿತು. ನೀವು ಕಣ್ಣು ಕಿರಿದಾಗಿಸಿ ನೋಡುತ್ತೀರಿ: ಜಮಖ೦ಡಿ. ಹುಡುಗಿ ಖಾಲಿ ಸೆಲ್ಲಿನಲ್ಲಿ ಮಿಡ್ ಫಾರ್ಮುಲಾ ಬರೆದು ಸಿ7ರ ನಾಲ್ಕನೆಯ ಅಕ್ಷರವನ್ನಷ್ಟೇ ಹೆಕ್ಕಿ, ಯೂನಿಕೋಡ್ ಫಾರ್ಮುಲಾಕ್ಕೆ ಕೊಡುತ್ತಾಳೆ. 3302 ಎಂದು ಬರುತ್ತದೆ. ಬಣ್ಣ ಬಂದ ಸಾಲಿನದನ್ನು ಕೇಳಿದರೆ 3202. ಅನುಸ್ವಾರ ಇರಬೇಕಾದಲ್ಲಿ ಯಾರೋ ಕನ್ನಡದ ಸೊನ್ನೆ ಒತ್ತಿದ್ದಾರೆ. ಓದುವವರಿಗೆ ಅದೂ ಜಮಖಂಡಿಯೇ, ಯಂತ್ರಕ್ಕೆ ಅದು ಕೇಳರಿಯದ ಊರು.

ಅವಳು ಕಂಟ್ರೋಲ್ ಎಚ್ ಒತ್ತುತ್ತಾಳೆ. ಸೊನ್ನೆಯನ್ನಷ್ಟೇ ಹುಡುಕಿ ಎಲ್ಲ ಕಡೆ ಬದಲಿಸಿದರೆ ಕನ್ನಡ ಅಂಕಿಯಲ್ಲಿ ಬರೆದ ಮನೆ ನಂಬರು ೧೦, ೨೦ ಎಲ್ಲ ಕೆಡುತ್ತವೆ. ಅದಕ್ಕೇ ‘ಖ’ ಮತ್ತು ಸೊನ್ನೆ ಎರಡನ್ನೂ ಸೇರಿಸಿ ಹುಡುಕಿ ‘ಖಂ’ ಎಂದು ಬದಲಿಸುತ್ತಾಳೆ. ಏಳನೆಯ ಸಾಲಿಗೆ ಬಣ್ಣ ಬರುತ್ತದೆ.

ಕಾಕಾ ಜೇಬಿನಿಂದ ಪೆನ್‌ಡ್ರೈವ್ ತೆಗೆಯುತ್ತಾರೆ. ಒಳಗೆ ಹಳೆಯ ಪಟ್ಟಿ. ಸೆಲ್ಲಿನಲ್ಲಿ ಮುದ್ದಾದ ಕನ್ನಡ. ಅದರ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಫಾರ್ಮುಲಾ ಬಾರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟ್ ಇದು. ನಮ್ಮ ಊರುಗಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿದ ‘ನುಡಿ’ಯ ಋಣ ದೊಡ್ಡದು. ಆದರೆ ಆ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ದೊಡ್ಡ ‘ಆರ್’ ಇರುವಲ್ಲಿ ‘ಖ’, ಸಣ್ಣ ‘ಆರ್’ ಇರುವಲ್ಲಿ ‘ಡಿ’. ಟೆಕ್ಸ್ಟ್ ದಟ್ ಕಂಟೇನ್ಸ್ ನಿಯಮಕ್ಕೆ ದೊಡ್ಡಕ್ಷರ, ಸಣ್ಣಕ್ಷರದ ಭೇದವಿಲ್ಲ. ಹಾಗಾಗಿ ಈ ಪಟ್ಟಿಯಲ್ಲಿ ‘ಖ’ ಹುಡುಕಿದರೆ, ‘ಖ’ ಇಲ್ಲದ ಅನಗವಾಡಿಯೂ ತನ್ನ ‘ಡಿ’ಯಿಂದಾಗಿ ಬಣ್ಣ ಹಚ್ಚಿಕೊಂಡು ನಿಲ್ಲುತ್ತದೆ. ಆ ನಿಯಮ ಒಳಗೊಳಗೇ ಬಳಸುವ ಸರ್ಚ್ ಫಾರ್ಮುಲಾದ ಬದಲು ಫೈಂಡ್ ಫಾರ್ಮುಲಾ ಬಳಸಿದರೆ ಭೇದ ತಿಳಿಯುತ್ತದೆ, ಆದರೂ ಅದು ತೇಪೆ ಕೆಲಸ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗವಿದೆ. ಹಳೆಯ ಪಟ್ಟಿಯನ್ನು ಅಲ್ಲಿಗೇ ತರಬೇಕು. ಹುಡುಗಿ ಕನ್ವರ್ಟರ್ ತೆರೆದು ಕಾಲಮ್ ಕಾಲಮ್ಮಾಗಿ ಬದಲಿಸಿ ತಂದು ಅಂಟಿಸುತ್ತಾಳೆ. ಅಂಟಿಸಿದ ಸಾಲುಗಳಲ್ಲಿ ಮತ್ತಷ್ಟು ಕೆಂಪು ಕಾಣಿಸಿಕೊಳ್ಳುತ್ತದೆ. ಇಷ್ಟು ಹೊತ್ತು ಈ ಮನೆಗಳು ಲೆಕ್ಕಕ್ಕೇ ಬಂದಿರಲಿಲ್ಲ.

“ಪ್ರಿಂಟ್ ತಗಿಯವಾ, ನಾಲ್ಕೂ ಕಡೆ ಕಳಸೂಣು.”

“ಕಪ್ಪು-ಬಿಳಿ ಪ್ರಿಂಟರ್ ಐತ್ರಿ ಕಾಕಾ. ಕೆಂಪೂ ಬೂದಿ ಬಣ್ಣ, ಹಸಿರೂ ಬೂದಿ ಬಣ್ಣ.”

ಫಿಲ್ಟರ್ ಹಾಕಿ, ‘ಫಿಲ್ಟರ್ ಬೈ ಕಲರ್’ನಲ್ಲಿ ಕೆಂಪು ಆರಿಸುತ್ತಾಳೆ. ಹಸಿರು ಸಾಲುಗಳು ಮರೆಯಾಗಿ ಉಳಿದವರಷ್ಟೇ ಹಾಳೆಯಲ್ಲಿ ನಿಲ್ಲುತ್ತಾರೆ. ತಾಲ್ಲೂಕಿಗೊಂದು ಪ್ರತಿ. ಕಾಕಾ ಮುಧೋಳದ ಪ್ರತಿಯನ್ನು ಕೈಗೆತ್ತಿಕೊಂಡು, ಕನ್ನಡಕ ಏರಿಸಿ, ಮಿರ್ಜಿಯ ಮೊದಲ ಹೆಸರಿನ ಮೇಲೆ ಬೆರಳಿಟ್ಟು ಫೋನ್ ಹಚ್ಚುತ್ತಾರೆ: “ನಿಮ್ಮ ಮನ್ಯಾಗ ಇನ್ನೂ ಯಾರ ಅದಾರ್ರೀ?”