ಡ್ರಮ್ಮು ಸರಿದ ಎರಡು ದಿನ

ಬೆಳಿಗ್ಗೆ 8:40. ಭದ್ರಾವತಿಯ ಜನ್ನಾಪುರದಲ್ಲಿ ನಾಲ್ಕು ದಾರಿ ಕೂಡುವ ಒಂದು ಮೂಲೆ, ಟೀ ಅಂಗಡಿಯ ಬೆಂಚು. ಎದುರಿಗೆ ರಸ್ತೆ ನಡುವೆ ಒಂದು ಟಾರು ಡ್ರಮ್ಮು. ಒಳಗೆ ಮರಳು, ಮೈಗೆ ಕಪ್ಪು ಹಳದಿ ಪಟ್ಟೆ, ನೆತ್ತಿಯ ಮೇಲೆ ಎಂದೋ ಮುಗಿದ ಕಾರ್ಯಕ್ರಮದ ಬಾವುಟದ ಕೋಲು. ನಮ್ಮ ಸರ್ಕಲ್ ಅಂದರೆ ಇಷ್ಟೇ. ಬಸ್ಸು, ಸ್ಕೂಲ್ ವ್ಯಾನು, ಹಾಲಿನ ಗಾಡಿ ಎಲ್ಲವೂ ಇದನ್ನು ಸುತ್ತಬೇಕು. ಬೈಕಿನವರು ಮಾತ್ರ ಸುತ್ತುವುದಿಲ್ಲ, ಬಲಗಡೆಯಿಂದಲೇ ನುಸುಳುತ್ತಾರೆ. ಎಣಿಸಲು ಕೂತೆ. ಹತ್ತು ನಿಮಿಷದಲ್ಲಿ ಲೆಕ್ಕ ತಪ್ಪಿ, ಟೀ ಆರಿತು.

*

“ಇದನ್ನ ಡೆವಲಪ್ ಮಾಡ್ತಾರಂತೆ” ಎಂಬ ಮಾತು ಅಂಗಡಿಯಲ್ಲಿ ಆಗಾಗ ಏಳುತ್ತದೆ. ಹೇಗೆ ಅಂತ ಯಾರೂ ಕೇಳುವುದಿಲ್ಲ. ಮೊದಲ ಪ್ರಶ್ನೆ: “ಯಾರ ಹೆಸರು ಇಡ್ತಾರೆ?” ರಂಗಪ್ಪ ವೃತ್ತ, ಮಾಧವಾಚಾರ್ ವೃತ್ತ, ಹಾಲಪ್ಪ ವೃತ್ತ ಅಂತಲೇ ದಾರಿ ಹೇಳುವ ಭದ್ರಾವತಿಯಲ್ಲಿ ಅದು ಸಹಜವೇ. ಎರಡನೆಯ ಪ್ರಶ್ನೆ ಪ್ರತಿಮೆಯದ್ದು. ಸಾರ್ವಜನಿಕ ರಸ್ತೆಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬೇಡಿ ಎಂದು ಸುಪ್ರೀಂ ಕೋರ್ಟು 2013ರ ಜನವರಿಯಲ್ಲೇ ರಾಜ್ಯಗಳಿಗೆ ಹೇಳಿದೆಯಲ್ಲ ಅಂದೆ. ಪಕ್ಕದಲ್ಲಿ ಕೂತಿದ್ದ ನಿವೃತ್ತರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ಕಾರಂಜಿ ಮಾಡ್ಲಿ ಬಿಡಿ” ಅಂದರು.

ನಡುವೆ ಏನಿಡಬೇಕು ಅನ್ನುವುದಕ್ಕೆ ಎಲ್ಲರ ಬಳಿ ಉತ್ತರವಿದೆ. ಅಂಚಿನಲ್ಲಿ ಏನಾಗಬೇಕು ಅಂತ ಯಾರಾದರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

*

ಬಹಳ ದಿನದಿಂದ ಬಿಡಿಸಲಾಗದ ಒಗಟು. ಊರು ಬಡವಾದಷ್ಟೂ ರಸ್ತೆ ತುಂಬಿದ್ದು ಹೇಗೆ?

ಕಬ್ಬಿಣದ ಕಾರ್ಖಾನೆ (ಈಗಿನ ವಿಐಎಸ್‌ಎಲ್) 1923ರಲ್ಲಿ ಉತ್ಪಾದನೆ ಶುರು ಮಾಡಿತು, 1936ರಲ್ಲಿ ಕಾಗದ ಕಾರ್ಖಾನೆಯ ಕಂಪನಿ ಎಂಪಿಎಂ ಹುಟ್ಟಿತು. ಎರಡೂ ಉರಿಯುತ್ತಿದ್ದ ಕಾಲದಲ್ಲಿ ಸೈರನ್ ಕೂಗಿದರೆ ಸೈಕಲ್ಲುಗಳ ಹೊಳೆ ಹರಿಯುತ್ತಿತ್ತಂತೆ. ಅರ್ಧ ಗಂಟೆ ಜಾತ್ರೆ, ಆಮೇಲೆ ರಸ್ತೆಯಲ್ಲಿ ನಾಯಿ ಮಲಗುತ್ತಿತ್ತು. ಎಂಪಿಎಂನಲ್ಲಿ 2015ರಿಂದ ಕಾಗದ ಬರುತ್ತಿಲ್ಲ. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದು, ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತರು. ಅಂದಮೇಲೆ ಈ ಮೂಲೆ ಖಾಲಿ ಹೊಡೆಯಬೇಕಿತ್ತು.

ಬೆಂಚಿನ ಮೇಲೆ ಕೂತು ಕೂತು ಹೊಳೆದದ್ದು: ಆಗ ಕೆಲಸ ಊರೊಳಗೇ ಇತ್ತು, ಎಲ್ಲರೂ ಒಂದೇ ಗೇಟಿಗೆ ಹೋಗುತ್ತಿದ್ದರು. ಈಗ ಮಗ ಶಿವಮೊಗ್ಗಕ್ಕೆ, ಸೊಸೆ ಇನ್ನೊಂದು ದಿಕ್ಕಿನ ಶಾಲೆಗೆ, ಮೊಮ್ಮಗಳು ಟ್ಯೂಷನ್ನಿಗೆ. ಮನೆಗೊಂದು ಸೈಕಲ್ ಇದ್ದಲ್ಲಿ ಎರಡು ಸ್ಕೂಟರ್. ಸೈರನ್ನಿಗೆ ಹೊತ್ತು ಅಂತ ಒಂದಿತ್ತು. ಈ ಗಾಡಿಗಳಿಗೆ ಅದೂ ಇಲ್ಲ. ಇದು ಪೂರ್ತಿ ಉತ್ತರವೋ ಅಲ್ಲವೋ, ನನಗೆ ಸದ್ಯಕ್ಕೆ ಸಾಕು.

*

ಅಜ್ಜಿ. ಕೈಯಲ್ಲಿ ವೈರಿನ ಬುಟ್ಟಿ, ಅದರಿಂದ ಕೊತ್ತಂಬರಿ ಸೊಪ್ಪು ತಲೆ ಹೊರಹಾಕಿದೆ. ಒಂದು ಕಾಲು ಕೆಳಗಿಟ್ಟರು, ಬೈಕು ಬಂತು, ಕಾಲು ಹಿಂದಕ್ಕೆ. ಮತ್ತೆ ಇಟ್ಟರು, ಆಟೋ. ಮೂರನೆಯ ಸಲ ಬುಟ್ಟಿಯನ್ನು ಗುರಾಣಿಯ ಹಾಗೆ ಮುಂದೆ ಹಿಡಿದು, ಯಾರ ಮುಖವನ್ನೂ ನೋಡದೆ ನಡೆದೇಬಿಟ್ಟರು. ಎಲ್ಲ ಗಾಡಿಗಳೂ ನಿಂತವು. ಒಬ್ಬ ತಮಿಳಿನಲ್ಲಿ, ಒಬ್ಬ ಉರ್ದುವಿನಲ್ಲಿ, ಒಬ್ಬ ಕನ್ನಡದಲ್ಲಿ ಬೈದರು. ಅಜ್ಜಿಗೆ ಮೂರೂ ಅರ್ಥವಾದ ಹಾಗಿತ್ತು. ಆಚೆ ದಡ ಸೇರಿ ಮೂರಕ್ಕೂ ಸೇರಿಸಿ ಒಂದೇ ಉತ್ತರ ಕೊಟ್ಟರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅವರು ಡ್ರಮ್ಮಿನ ಹತ್ತಿರವೂ ಸುಳಿಯಲಿಲ್ಲ. ಅವರ ಕಷ್ಟವೆಲ್ಲ ಇದ್ದದ್ದು ಅಂಚಿನಲ್ಲಿ. ಚರಂಡಿಯ ಚಪ್ಪಡಿ ಒಡೆದಿದೆ, ಅದರ ಪಕ್ಕ ಆಟೋ ಸಾಲು, ಅದರ ಮುಂದೆ ಬಸ್ಸು. ದಾಟುವ ಮುಂಚೆಯೇ ಅವರು ರಸ್ತೆಯೊಳಗೆ ನಾಲ್ಕು ಹೆಜ್ಜೆ ಬಂದಾಗಿತ್ತು.

*

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಗಳನ್ನು ತಿರುವಿ ಹಾಕಿದೆ. ನಿದ್ದೆ ಬರುವ ಪುಸ್ತಕಗಳು, ಆದರೆ ನಡುನಡುವೆ ಬೆಚ್ಚಿಬೀಳಿಸುತ್ತವೆ. ಬಸ್ ನಿಲ್ದಾಣ ಕೂಡುರಸ್ತೆಯಿಂದ 75 ಮೀಟರ್ ದೂರ, ಸಾಧ್ಯವಾದರೆ ದಾಟಿದ ಮೇಲೆ ಇರಲಿ ಅನ್ನುತ್ತದೆ ಒಂದು. ನಮ್ಮ ಬಸ್ಸು ತಿರುವಿನ ಬಾಯಲ್ಲೇ ನಿಲ್ಲುತ್ತದೆ. ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಅಂತ ಇನ್ನೊಂದು. ನಾವು ಹಾಕುವ ಹಂಪಿಗೆ ಆ ಎತ್ತರ ಎಲ್ಲಿ ಸಾಲುತ್ತದೆ, ಅಗಲವಂತೂ ಒಂದು ಮೊಳ. ಹಾರಿದವನ ಬೆನ್ನು ದೇವರಿಗೆ ಬಿಟ್ಟದ್ದು.

ವೃತ್ತದ ಲೆಕ್ಕವೂ ಇದೆ. ನಾಲ್ಕು ರಸ್ತೆ ಸುಮ್ಮನೆ ಕೂಡಿದರೆ ಗಾಡಿಗೆ ಗಾಡಿ ಎದುರಾಗುವ ಜಾಗ 32, ಸರಿಯಾದ ವೃತ್ತ ಮಾಡಿದರೆ 8. ಗಂಟೆಗೆ 3,000 ಗಾಡಿಯವರೆಗೆ ವೃತ್ತ ತಡೆಯುತ್ತದೆಯಂತೆ. ಹಾಗಾದರೆ ಸಿಗ್ನಲ್ ಯಾಕೆ ಬೇಕು, ಕರೆಂಟು ಹೋದಾಗ ಅದರ ಮುಖ ಯಾರು ನೋಡಬೇಕು? ನನ್ನ ಓಟು ಸಣ್ಣ ವೃತ್ತಕ್ಕೇ. ಆದರೆ ವೃತ್ತ ಅಂದರೆ ಸುತ್ತುವವರ ಜಾಗ, ನೋಡುವವರದ್ದಲ್ಲ. ಕಾರಂಜಿಯ ನಿವೃತ್ತರಿಗೆ ಇದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಸೊಪ್ಪಿನವರು, ಹೂವಿನವರು? ರಸ್ತೆ ಅಗಲ ಮಾಡುವಾಗ ಮೊದಲು ಎಬ್ಬಿಸುವುದು ಅವರನ್ನೇ. ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರದ್ದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಅವರೇ ಇರಬೇಕು ಅನ್ನುತ್ತದೆ. ಅವರನ್ನು ಕೇಳದೆ ನಕ್ಷೆ ಬರೆದರೆ, ತಿಂಗಳೊಳಗೆ ಬುಟ್ಟಿಗಳು ಹೊಸ ಫುಟ್‌ಪಾತಿನ ಮೇಲಿರುತ್ತವೆ. ನಾನೂ ಅಲ್ಲೇ ಕೊಳ್ಳುತ್ತೇನೆ.

*

ಶಿವಮೊಗ್ಗದ ವಿದ್ಯಾನಗರದಲ್ಲಿ ರೈಲು ಹಳಿಯ ಮೇಲೆ ಸುತ್ತು ಹಾಕಿ ಇಳಿಯುವ ಸೇತುವೆ ಆಯಿತು. “ನಮ್ಗೂ ಒಂದು ಫ್ಲೈಓವರ್” ಎಂಬ ಆಸೆ ಅಲ್ಲಿಂದ ಬಂದಿದೆ. ಹೊಸ ಸೇತುವೆ ಅಂದರೆ ನನಗೆ ನಮ್ಮೂರಿನ ಅನುಭವ ನೆನಪಾಗುತ್ತದೆ: ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ಗೇಟು ಎತ್ತಿ ನೀರು ಜೋರಾಗಿ ಬಿಟ್ಟರೆ ಇಲ್ಲಿ ಮುಳುಗುವುದು ಹೊಸ ಸೇತುವೆ. ಆಗ ನಾವೆಲ್ಲ ಹಳೆಯದರ ಮೇಲೆ ಹೋಗುತ್ತೇವೆ.

*

ಇನ್ನೊಂದು ವಿಚಿತ್ರ. ಒಂದು ರಾತ್ರಿ ಯಾವುದೋ ಲಾರಿ ಡ್ರಮ್ಮಿಗೆ ತಾಗಿ, ಅದು ಎರಡು ಮಾರು ಪಕ್ಕಕ್ಕೆ ಸರಿಯಿತು. ಬೆಳಿಗ್ಗೆ ನೋಡಿದರೆ ಬಸ್ಸು ಹಿಂದೆ ಮುಂದೆ ಮಾಡದೆ ಒಂದೇ ಏಟಿಗೆ ತಿರುಗುತ್ತಿದೆ, ಬೈಕಿನವರೂ ಸುತ್ತಿಯೇ ಹೋಗುತ್ತಿದ್ದಾರೆ. ಹಾರ್ನೇ ಕಡಿಮೆ. “ಏನ್ ಸಾರ್, ಇವತ್ತು ರಜೆನಾ?” ಅಂದ ಟೀ ಅಂಗಡಿಯವ.

ಹೀಗೆ ಎರಡು ದಿನ. ಮೂರನೆಯ ದಿನ ಯಾರೋ ನಾಲ್ಕು ಜನ ಬಂದು, ಬಹಳ ಕಷ್ಟಪಟ್ಟು, ಡ್ರಮ್ಮನ್ನು ಎತ್ತಿ ಮೊದಲಿದ್ದ ಜಾಗಕ್ಕೇ ಇಟ್ಟು ಹೋದರು. ಹೋಗುವ ಮುಂಚೆ ಪಟ್ಟೆಗೆ ಹೊಸ ಬಣ್ಣ ಬಳಿದರು.

ನಕ್ಷೆ ಬರೆಯುವವರಲ್ಲಿ ಒಂದು ವಿನಂತಿ. ಒಂದು ಬೆಳಿಗ್ಗೆ 8:40ಕ್ಕೆ ಬನ್ನಿ, ಜೀಪನ್ನು ದೂರ ನಿಲ್ಲಿಸಿ. ನಾಲ್ಕು ಕಡೆಯೂ ಒಂದೊಂದು ಸಲ ನಡೆದು ದಾಟಿ, ಸಾಧ್ಯವಾದರೆ ಕೈಯಲ್ಲಿ ತರಕಾರಿ ಬುಟ್ಟಿ ಹಿಡಿದು. ಡ್ರಮ್ಮನ್ನು ಅತ್ತ ಇತ್ತ ಸರಿಸಿ ನೋಡಲು ಮರಳಿನ ಖರ್ಚೂ ಇಲ್ಲ, ಟೆಂಡರೂ ಬೇಡ.